ಸರಸ್ವತಿಯ ಮುಂದೆ ಇಟ್ಟ ಫೋನು

ಹಸಿ ಕಡಲೆಕಾಯಿಗೆ ಅಂಟಿಕೊಂಡ ಕೆಮ್ಮಣ್ಣಿನ ವಾಸನೆ ನಿಮಗೆ ಗೊತ್ತಿದ್ದರೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಮಳೆ ಹಿಂದೆಗೆದು, ಬಿಸಿಲು ಎಳೆಯದಾಗಿ, ಎಲೆಯ ಮೇಲಿನ ಇಬ್ಬನಿ ಇನ್ನೂ ಆರದ ಹೊತ್ತಿನಲ್ಲಿ ಗಿಡದ ಬುಡ ಹಿಡಿದು ಕಿತ್ತರೆ ಏಳುವ ವಾಸನೆ ಅದು. ಕೊರಟಗೆರೆಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ಜೆರಾಕ್ಸ್ ಮಾಡುವುದು, ಕಾಲೇಜು ಹುಡುಗರ ಆನ್‌ಲೈನ್ ಅರ್ಜಿ ತುಂಬಿಕೊಡುವುದು, ಕೊನೇ ದಿನಾಂಕ ಮರೆತು ಕೂತವರಿಗೆ ಫೋನ್ ಮಾಡಿ ಬೈಯುವುದು ನನ್ನ ಕೆಲಸ. ಈಚೆಗೆ ಒಂದು ಬೆಳಿಗ್ಗೆ, ಹೊಲದಿಂದ ನೇರ ಬಂದ ಹುಡುಗಿಯೊಬ್ಬಳು ಒಂದು ಚೀಲ ಕಡಲೆಕಾಯಿಯನ್ನು ಕೀಬೋರ್ಡಿನ ಪಕ್ಕ ಇಟ್ಟು, "ಅಣ್ಣ, ಮನೆಗೆ ತಗೊಂಡೋಗಿ" ಅಂದಳು. ಚೀಲದ ಬಾಯಿ ಬಿಚ್ಚಿ ಮೂಸಿದ್ದೇ ತಪ್ಪಾಯಿತು. ಅವಳ ಹೆಸರು ಟೈಪ್ ಮಾಡುತ್ತಿದ್ದ ಕೈ ನಿಂತುಹೋಯಿತು. "ಯಾಕಣ್ಣ, ಸರ್ವರ್ ಇಲ್ವಾ?" ಎಂದು ಅವಳು ಎರಡು ಸಲ ಕೇಳಿದಳು. ಇದೆ ಕಣಮ್ಮ, ಸ್ವಲ್ಪ ನಿಧಾನ, ಅಂದೆ.

ನಮ್ಮ ಮನೆ ಇದ್ದದ್ದು ಮಿಡಿಗೇಶಿಯಲ್ಲಿ, ಬೆಟ್ಟದ ಕೋಟೆಯ ನೆರಳು ಸಂಜೆ ಹೊತ್ತಿಗೆ ಅಂಗಳದವರೆಗೂ ಬರುವಷ್ಟು ಹತ್ತಿರ. ಊರಿನವರ ಬಾಯಲ್ಲಿ ಅದು ಮೇಷ್ಟ್ರ ಮನೆ. ಮೇಷ್ಟ್ರು ಅಂದರೆ ನಮ್ಮ ತಾತ. ರಿಟೈರಾಗಿ ಎಷ್ಟೋ ವರ್ಷವಾಗಿದ್ದರೂ ಪತ್ರಿಕೆಯ ತಪ್ಪುಗಳಿಗೆ ಕೆಂಪು ಪೆನ್ನಿನಲ್ಲಿ ಗೀಟು ಹಾಕುತ್ತಿದ್ದರು. ಲಗ್ನಪತ್ರಿಕೆ ಕೊಡಲು ಬಂದವರಿಗೆ ಮೊದಲು ಅದರ ಕಾಗುಣಿತ ತಿದ್ದಿಕೊಟ್ಟು ಆಮೇಲೆ ಕಾಫಿ ಕೊಡಿಸುತ್ತಿದ್ದರು. ಅವರ ಹಿರಿಯ ಮಗ, ನಮ್ಮ ದೊಡ್ಡಪ್ಪ, ಬೇಸಾಯ ನೋಡಿಕೊಳ್ಳುತ್ತಿದ್ದ. ಕಿರಿಯ ಮಗನಾದ ನಮ್ಮಪ್ಪ ಮಧುಗಿರಿಯ ಒಂದು ಕಚೇರಿಯಲ್ಲಿ ಜವಾನ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದ. ಅಮ್ಮ ಮತ್ತು ದೊಡ್ಡಮ್ಮ ಒಂದೇ ಒಲೆಯ ಮುಂದೆ ಜಗಳವಾಡುತ್ತಾ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದರು. ಮಕ್ಕಳೆಂದರೆ ನಾವಿಬ್ಬರೇ. ದೊಡ್ಡಪ್ಪನ ಮಗಳು ಸುಮಕ್ಕ, ಮತ್ತು ನಾನು, ಮಂಜ, ಅವಳಿಗಿಂತ ಐದು ವರ್ಷ ಚಿಕ್ಕವನು. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ ಎಂದು ಅಮ್ಮ ಹೇಳುತ್ತಿದ್ದಳು. ಹೊತ್ತದ್ದು ನನಗೆ ನೆನಪಿಲ್ಲ, ಆದರೆ ಅವಳ ಲಂಗದ ಅಂಚು ಹಿಡಿದು ಸ್ಕೂಲಿಗೆ ಹೋದದ್ದು ನೆನಪಿದೆ.

ದಸರಾ ರಜೆ ಅಂದರೆ ನಮಗೆ ಕಡಲೆಕಾಯಿ ಕೀಳುವ ಕಾಲ. ಅರ್ಧ ವರ್ಷದ ಪರೀಕ್ಷೆ ಮುಗಿದ ಮಾರನೇ ಬೆಳಿಗ್ಗೆಯೇ ಎಲ್ಲರೂ ಹೊಲದಲ್ಲಿ. ಬಿಸಿಲೇರುವವರೆಗೆ ಗಿಡ ಕೀಳುವುದು, ಮಧ್ಯಾಹ್ನ ನಾನು ಬೆಟ್ಟದ ಬುಡದಲ್ಲಿ ಸೀತಾಫಲ ಹುಡುಕುವುದು, ಕಣ್ಣು ಬಿಟ್ಟ ಕಾಯಿಗಳನ್ನು ತಂದು ಹುಲ್ಲಿನಲ್ಲಿ ಹೂತಿಟ್ಟು ದಿನಕ್ಕೆ ನಾಲ್ಕು ಸಲ ಒತ್ತಿ ನೋಡುವುದು. ಹಣ್ಣಾಗುವ ಮೊದಲೇ ಒತ್ತಿ ಒತ್ತಿ ಅರ್ಧ ಕಾಯಿಗಳನ್ನು ನಾನೇ ಕೊಲ್ಲುತ್ತಿದ್ದೆ. ಸಂಜೆ ನಡುಮನೆಯಲ್ಲಿ ಬಳ್ಳಿಯ ರಾಶಿ ಸುರಿದು ಎಲ್ಲರೂ ಸುತ್ತ ಕೂತು ಕಾಯಿ ಬಿಡಿಸುತ್ತಿದ್ದೆವು. ಸುಮಕ್ಕ ತನ್ನ ಪಾಲು ಬೇಗ ಮುಗಿಸಿ, ಕೈ ತೊಳೆದು, ಗೋಡೆಗೆ ಒರಗಿ ಚಿತ್ರ ಬರೆಯಲು ಕೂರುತ್ತಿದ್ದಳು. ಬೇರೆ ಹುಡುಗಿಯರು ನವಿಲು, ಕಮಲ ಬರೆದರೆ ಇವಳು ಬರೆಯುತ್ತಿದ್ದದ್ದು ಹೃದಯ, ಮೂತ್ರಪಿಂಡ, ಕಿವಿಯ ಒಳಭಾಗ. ಕೆಂಪು ರಕ್ತನಾಳ, ನೀಲಿ ರಕ್ತನಾಳ ಎಂದು ಎರಡು ಸ್ಕೆಚ್ ಪೆನ್ನು ಇಟ್ಟುಕೊಂಡಿದ್ದಳು. ಅವುಗಳನ್ನು ನಾನು ಮುಟ್ಟಿದರೆ ಕಿವಿ ಹಿಂಡುತ್ತಿದ್ದಳು. "ನಿನ್ನ ಕಿವಿಯೊಳಗೆ ಇಂಗೈತೆ ನೋಡ್ಲಾ, ಶಂಖದಂಗೆ" ಎಂದು ಚಿತ್ರ ತೋರಿಸುತ್ತಿದ್ದಳು. ಆಗ ನೋವು ಮರೆತುಹೋಗುತ್ತಿತ್ತು.

ಅವಳು ಪಿಯುಸಿ ಫಸ್ಟ್ ಕ್ಲಾಸಿನಲ್ಲಿ ಪಾಸಾದಾಗ ತಾತ ಮಧುಗಿರಿಗೆ ಕರೆದುಕೊಂಡು ಹೋಗಿ ಒಂದು ಟಚ್ ಫೋನ್ ಕೊಡಿಸಿದರು. ಮನೆಗೆ ಬಂದ ಮೊದಲನೆಯ ಟಚ್ ಫೋನ್ ಅದು. ಅಪ್ಪನ ಹತ್ತಿರ ಇದ್ದದ್ದು ಟಾರ್ಚಿನ ಗುಂಡಿ ಇರುವ ಹಳೇದು. ಹೊಸ ಫೋನಿನ ಗಾಜಿಗೆ ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆಯನ್ನು ಸುಮಕ್ಕ ತಿಂಗಳುಗಟ್ಟಲೆ ಯಾರಿಗೂ ಕೀಳಲು ಬಿಡಲಿಲ್ಲ. ಅವಳು ಅದರಲ್ಲಿ ಪಾಠದ ವಿಡಿಯೊ ನೋಡುತ್ತಿದ್ದಳು, ಪುಸ್ತಕದ ಪುಟಗಳ ಫೋಟೊ ಹಿಡಿದು ದೊಡ್ಡದು ಮಾಡಿ ಓದುತ್ತಿದ್ದಳು. ನನಗೆ ಅದರ ಹುಚ್ಚು ಹತ್ತಿಬಿಟ್ಟಿತು. ಬೆಟ್ಟದ ಫೋಟೊ, ಎಮ್ಮೆಯ ಫೋಟೊ, ತಾತ ಗೊರಕೆ ಹೊಡೆಯುವ ವಿಡಿಯೊ. ಬಣ್ಣಬಣ್ಣದ ಗೋಲಿಗಳನ್ನು ಸಾಲು ಸೇರಿಸಿ ಒಡೆಯುವ ಒಂದು ಆಟ ಬೇರೆ. ಆ ಆಟದಲ್ಲಿ ನಾನು ನಮ್ಮ ಕ್ಲಾಸಿನ ಎಲ್ಲರಿಗಿಂತ ಮುಂದಿದ್ದೆ. ಬೇರೆ ಯಾವುದರಲ್ಲೂ ಇರಲಿಲ್ಲ. ಸಂಜೆ ಅರ್ಧ ಗಂಟೆ ಕೊಡುತ್ತೇನೆಂದು ಸುಮಕ್ಕ ಕರಾರು ಮಾಡಿದ್ದಳು, ಆ ಅರ್ಧ ಗಂಟೆಗಾಗಿ ನಾನು ಇಡೀ ದಿನ ಅವಳ ಹಿಂದೆ ಕರುವಿನ ಹಾಗೆ ತಿರುಗುತ್ತಿದ್ದೆ.

ಆ ವರ್ಷ ಅವಳು ತುಮಕೂರಿನ ಒಂದು ನರ್ಸಿಂಗ್ ಕಾಲೇಜಿಗೆ ಅರ್ಜಿ ಹಾಕಿದ್ದಳು. ಮೊದಲ ಪಟ್ಟಿಯಲ್ಲಿ ಹೆಸರು ಬರಲಿಲ್ಲ. ಎರಡನೇ ಪಟ್ಟಿ ದಸರಾ ಕಳೆದ ಮೇಲೆ, ಬಂದರೆ ಫೋನಿಗೆ ಮೆಸೇಜ್ ಕಳಿಸುತ್ತೇವೆ ಎಂದು ಅಲ್ಲಿಯ ಗುಮಾಸ್ತ ಹೇಳಿದ್ದ. ಈ ಮಧ್ಯೆ ಪಾವಗಡದ ಕಡೆಯಿಂದ, ತಿರುಮಣಿಯ ಹತ್ತಿರದವರು, ಅವಳನ್ನು ನೋಡಿ ಒಪ್ಪಿ ಹೋಗಿದ್ದರು. ದೊಡ್ಡಪ್ಪನಿಗೆ ಆ ಸಂಬಂಧ ಕೈಬಿಡಲು ಮನಸ್ಸಿರಲಿಲ್ಲ. ತಾತ ಹಟ ಹಿಡಿದು ಕೂತರು. ಕೊನೆಗೆ ತಾತ, ದೊಡ್ಡಪ್ಪ ಇಬ್ಬರೂ ಒಂದು ಮಾತಿಗೆ ಬಂದರು: ಎರಡನೇ ಪಟ್ಟಿಯಲ್ಲಿ ಸೀಟು ಸಿಕ್ಕಿದರೆ ಓದು, ಸಿಗದಿದ್ದರೆ ಮದುವೆ. ಆಮೇಲೆ ಯಾರೂ ಎದುರು ಮಾತಾಡುವ ಹಾಗಿಲ್ಲ. ಸುಮಕ್ಕ ಆ ದಿನಗಳಲ್ಲಿ ಫೋನನ್ನು ಜಾಕೆಟ್ಟಿನ ಒಳಗೆ ಸಿಕ್ಕಿಸಿಕೊಂಡು ಕಡಲೆಕಾಯಿ ಕೀಳುತ್ತಿದ್ದಳು. ನನ್ನ ಅರ್ಧ ಗಂಟೆಯೂ ನಿಂತುಹೋಗಿತ್ತು.

ನಮ್ಮ ಮನೆಯಲ್ಲಿ ನವರಾತ್ರಿಯ ಸಪ್ತಮಿಯಂದು ಸರಸ್ವತಿ ಪೂಜೆ. ಬೇರೆ ಮನೆಗಳಲ್ಲಿ ಕುಡುಗೋಲು, ಗುದ್ದಲಿ, ಟ್ರ್ಯಾಕ್ಟರಿಗೆ ಪೂಜೆಯಾದರೆ ಮೇಷ್ಟ್ರ ಮನೆಯಲ್ಲಿ ಮೊದಲ ಮರ್ಯಾದೆ ಪುಸ್ತಕಕ್ಕೆ. ಮಣೆಯ ಮೇಲೆ ಹಳದಿ ಬಟ್ಟೆ ಹಾಸಿ, ಬೆನ್ನು ಕಿತ್ತುಹೋದ ತಾತನ ನಿಘಂಟು, ನನ್ನ ವಿಜ್ಞಾನದ ಪುಸ್ತಕ, ಸುಮಕ್ಕನ ರೆಕಾರ್ಡ್, ಪೆನ್ನುಗಳು, ಎಲ್ಲ ಒಂದರ ಮೇಲೊಂದು ಇಟ್ಟು ಅರಿಶಿನ ಕುಂಕುಮ ಹಚ್ಚುತ್ತಿದ್ದರು. ವಿಜಯದಶಮಿಯ ಬೆಳಿಗ್ಗೆ ತಾತನೇ ಕೈಯಾರೆ ತೆಗೆಯುವವರೆಗೆ ಯಾರೂ ಮುಟ್ಟುವ ಹಾಗಿಲ್ಲ, ಓದುವಂತಿಲ್ಲ, ಬರೆಯುವಂತಿಲ್ಲ. ಆ ಪೂಜೆಯ ಮೇಲೆ ನನಗಿದ್ದ ಭಕ್ತಿಗೆ ಅದೊಂದೇ ಕಾರಣ. ಆ ಸಪ್ತಮಿಯ ಬೆಳಿಗ್ಗೆ ಫೋನ್ ಕೊಡು ಎಂದು ಕೇಳಿ ಸುಮಕ್ಕನ ಕೈಯಲ್ಲಿ ಬೈಸಿಕೊಂಡಿದ್ದೆ. ಪೂಜೆಗೆ ಎಲ್ಲ ಜೋಡಿಸುತ್ತಿದ್ದಾಗ, ಯಾವ ದೆವ್ವ ನನ್ನ ನಾಲಿಗೆಯ ಮೇಲೆ ಕೂತಿತ್ತೋ, "ತಾತ, ಅಕ್ಕ ಈಗ ಓದಾದೆಲ್ಲ ಫೋನ್ನಾಗೆ. ಅದೂ ಪುಸ್ತಕಾನೇ ಅಲ್ವಾ?" ಅಂದೆ. ತಾತ ಅರಿಶಿನದ ಬಟ್ಟಲು ಹಿಡಿದುಕೊಂಡೇ ನಕ್ಕುಬಿಟ್ಟರು. "ಕೇಳ್ದ್ರಾ ಇವನ ಮಾತ! ಜನ್ಮೆಲ್ಲ ಪಾಠ ಹೇಳ್ದೋನು ನಾನು, ನಂಗೆ ಹೊಳೀಲಿಲ್ಲ. ತತ್ತಾರಮ್ಮ ಸುಮ, ಅದುನ್ನೂ ಇಡಾನ." ಸುಮಕ್ಕ ಹಿಂದೆ ಸರಿದಳು. ಮೆಸೇಜ್ ಬರೋದೈತೆ ತಾತ, ಸಿಮ್ ಆದ್ರೂ ತೆಗೆದು ಚಿಕ್ಕಪ್ಪನ ಫೋನಿಗೆ ಹಾಕ್ತೀನಿ, ಅಂದಳು. "ಪುಸ್ತಕ ಪೂಜೆಗಿಟ್ಟು ಹಾಳೆ ಹರ್ಕೊಂಡೋದಂಗೆ ಆಯ್ತದೆ ಅದು. ದಸರಾ ಕಳೆದ ಮ್ಯಾಲೆ ಅಂತ ಅವ್ರೇ ಹೇಳವ್ರಲ್ಲವ್ವ. ಆ ತಾಯಿ ಮುಂದೆ ಇಟ್ಟಿದ್ದು ಎಲ್ಲಿಗೂ ಹೋಗಾಕಿಲ್ಲ" ಅಂದರು ತಾತ. ಅವಳಿಗೂ ಆ ಮಾತು ಸರಿಯೆನಿಸಿತೋ ಏನೋ, ಕೊಟ್ಟಳು. ಫೋನ್ ಆಫ್ ಮಾಡಿದವನು ನಾನು. ಅದರ ಕಪ್ಪು ಗಾಜಿನ ಮೇಲೆ ತಾತ ಮೂರು ಬೆರಳಿನ ವಿಭೂತಿ ಎಳೆದು ಒಂದು ಚೆಂಡುಹೂವು ಇಟ್ಟರು.

ಇಲ್ಲಿಯವರೆಗಿನದು ಹುಡುಗನ ಬಾಯಿಬಡುಕತನ. ಇದನ್ನು ಕ್ಷಮಿಸುವವರು ಇದ್ದಾರೆ. ಮುಂದಿನದನ್ನು ನಾನು ಬಹಳ ಕಾಲ ಯಾರಿಗೂ ಹೇಳಲಿಲ್ಲ. ಮಾರನೇ ದಿನ ಅಷ್ಟಮಿ. ಮನೆಯವರೆಲ್ಲ ಹೊಲದಲ್ಲಿದ್ದರು, ತಾತ ಕೂಡ ಬದುವಿನ ಮೇಲೆ ಕೊಡೆ ಹಿಡಿದು ಕೂತಿದ್ದರು. ನನ್ನನ್ನು ಮಜ್ಜಿಗೆ ತರಲು ಮನೆಗೆ ಕಳಿಸಿದರು. ಮನೆ ಎಷ್ಟು ಖಾಲಿಯಿತ್ತೆಂದರೆ ದೇವರ ಮುಂದಿನ ದೀಪ ಚಿಟಚಿಟ ಎನ್ನುವುದು ಅಡಿಗೆಮನೆಗೆ ಕೇಳಿಸುತ್ತಿತ್ತು. ಒಂದೇ ಒಂದು ಆಟ ಆಡಿ ಇಟ್ಟುಬಿಡೋಣ ಎಂದುಕೊಂಡೆ. ಹೂವು ಪಕ್ಕಕ್ಕೆ ಸರಿಸಿ, ವಿಭೂತಿ ಅಳಿಸದ ಹಾಗೆ ಅಂಚು ಹಿಡಿದು ಫೋನ್ ಎತ್ತಿದೆ. ಅದು ಎಚ್ಚರವಾಗಿ, ಸಿಗ್ನಲ್ ಹುಡುಕಿ, ಟಣ್ ಎಂದಿತು. ಗಾಜಿನ ನೆತ್ತಿಯ ಮೇಲೆ ಇಂಗ್ಲಿಷಿನಲ್ಲಿ ಎರಡು ಸಾಲು. ನಾನು ಒಳಗೆ ಹೋಗಿ ತೆರೆಯಲಿಲ್ಲ, ಮೇಲಿನಿಂದಲೇ ಓದಿದೆ. ಎಂಟನೇ ಕ್ಲಾಸಿನ ಇಂಗ್ಲಿಷ್ ಅಷ್ಟಕ್ಕೆ ಸಾಕಾಗಿತ್ತು. ಸುಮಾಗೆ ಸೀಟು ಸಿಕ್ಕಿದೆ, ರಜೆ ಬೀಳುವ ಮೊದಲು, ಈ ದಿನ ಸಂಜೆ ಐದರೊಳಗೆ ಮೂಲ ಅಂಕಪಟ್ಟಿಯೊಂದಿಗೆ ಬರಬೇಕು, ಇಲ್ಲದಿದ್ದರೆ ಮುಂದಿನವರಿಗೆ.

ಗೋಡೆಯ ಗಡಿಯಾರದಲ್ಲಿ ಹನ್ನೊಂದಾಗಿತ್ತು. ಹನ್ನೊಂದೂವರೆಗೆ ಮಧುಗಿರಿ ಬಸ್ಸು. ಅಲ್ಲಿಂದ ತುಮಕೂರಿಗೆ ಬೇಕಾದಷ್ಟು ಬಸ್ಸು. ಹೊಲಕ್ಕೆ ಓಡಿದರೆ ಐದು ನಿಮಿಷ. ನಾನು ಲೆಕ್ಕದಲ್ಲಿ ದಡ್ಡ, ಆದರೆ ಈ ಲೆಕ್ಕವನ್ನು ನಿಂತಲ್ಲೇ ತಪ್ಪಿಲ್ಲದೆ ಮಾಡಿದೆ. ಹೇಳಿದರೆ ಪೂಜೆಗಿಟ್ಟದ್ದನ್ನು ಮುಟ್ಟಿದ್ದು ಗೊತ್ತಾಗುತ್ತದೆ, ತಾತ ಏನನ್ನುತ್ತಾರೋ ಎಂಬ ಹೆದರಿಕೆ ನಿಜ. ಬಹಳ ವರ್ಷ ನನಗೆ ನಾನೇ ಹೇಳಿಕೊಂಡದ್ದು ಅದೊಂದನ್ನೇ. ಆದರೆ ಅದರ ಕೆಳಗೆ ಇನ್ನೊಂದಿತ್ತು. ಅಕ್ಕ ತುಮಕೂರಿಗೆ ಹೋದರೆ ಫೋನೂ ಹೋಗುತ್ತದೆ. ಇಷ್ಟೇ. ಇಷ್ಟು ಸಣ್ಣದು. ಗುಂಡಿ ಒತ್ತಿ ಹಿಡಿದೆ, ಗಾಜು ಕಪ್ಪಾಯಿತು, ಹೂವನ್ನು ಇದ್ದಲ್ಲೇ ಇಟ್ಟೆ. ಮಜ್ಜಿಗೆ ಹೊತ್ತು ಹೊಲಕ್ಕೆ ಹೋದಾಗ ಸುಮಕ್ಕ ಮಣ್ಣಾದ ಕೈಯನ್ನು ಸೆರಗಿಗೆ ಒರೆಸಿಕೊಂಡು ಚೊಂಬು ಇಸಿದುಕೊಂಡಳು. "ಯಾಕ್ಲಾ, ಮಖ ಹಿಂಗೈತೆ?" ಅಂದಳು. ಬಿಸ್ಲು ಅಂದೆ. ತನ್ನ ತಲೆಯ ಮೇಲಿದ್ದ ಟವೆಲ್ ತೆಗೆದು ನನ್ನ ತಲೆಗೆ ಸುತ್ತಿದಳು. ರಸ್ತೆಯಲ್ಲಿ ಬಸ್ಸು ಹಾರನ್ ಹೊಡೆದುಕೊಂಡು ಹೋಯಿತು.

ದಶಮಿಯ ಬೆಳಿಗ್ಗೆ ತಾತ ಪುಸ್ತಕಗಳನ್ನು ಒಂದೊಂದೇ ತೆಗೆದು ಅವರವರ ಕೈಗೆ ಕೊಟ್ಟರು. ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡು ಸುಮಕ್ಕನಿಗೆ ಕೊಟ್ಟರು. ಅವಳು ವಿಭೂತಿ ಒರೆಸಿ ಆನ್ ಮಾಡಿದಳು. ಓದಿದಳು. ಇನ್ನೊಂದು ಸಲ ಒರೆಸಿ ಮತ್ತೆ ಓದಿದಳು. ಅಳಲಿಲ್ಲ. ಎಮ್ಮೆಗೆ ನೀರು ಕುಡಿಸಿಲ್ಲ ಎಂದು ಹಿತ್ತಲಿಗೆ ಹೋದಳು. ರಜೆ ಮುಗಿದ ದಿನ ದೊಡ್ಡಪ್ಪ ಅವಳನ್ನು ಕರೆದುಕೊಂಡು ತುಮಕೂರಿಗೆ ಹೋದ. ಮುಂದಿನವಳನ್ನು ಅಷ್ಟಮಿಯ ಸಂಜೆಯೇ ಸೇರಿಸಿಕೊಂಡಾಗಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಅದನ್ನು ಊರೆಲ್ಲ ಅಂದಿತು. ದೊಡ್ಡಪ್ಪ ಮದುವೆ ಬೇಕೆಂದವನೇ ಆದರೂ ಮಗಳ ಮುಖ ನೋಡಿ ಅವನಿಗೆ ತಡೆಯಲಾಗಲಿಲ್ಲ. ಎಂದೂ ತಾತನ ಎದುರು ದನಿ ಎತ್ತದವನು ನಡುಮನೆಯಲ್ಲಿ ನಿಂತು, "ನಿನ್ನ ಪೂಜೆ ನನ್ನ ಮಗಳ ಬಾಳ ತಿಂತಲ್ಲಪ್ಪೋ" ಎಂದು ಕೂಗಿದ. ತಾತ ತಲೆ ಬಗ್ಗಿಸಿ ಕೂತಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾದ ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ. ನನ್ನ ಕಡೆ ಒಬ್ಬರೂ ನೋಡಲಿಲ್ಲ.

ಮಾಘದಲ್ಲಿ ಮದುವೆಯಾಯಿತು. ಫೋನನ್ನು ಅವಳು ನನಗೇ ಬಿಟ್ಟುಹೋದಳು. "ನೀನು ಓದ್ಕಳ್ಳಾ" ಅಂದಳು. ಅದರಲ್ಲಿ ಆ ಆಟ ಹಾಗೇ ಇತ್ತು, ನಾನು ಮತ್ತೆ ಆಡಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಂದು ವಾರ ಬಿಟ್ಟು ಆಡಿದೆ. ಮುಂದಿನ ದಸರೆಗೆ ತಾತ ಮಣೆ ಹಾಕಲಿಲ್ಲ. ನಿಘಂಟನ್ನೂ ಉಳಿದ ಪುಸ್ತಕಗಳನ್ನೂ ಊರ ಸ್ಕೂಲಿಗೆ ಕೊಟ್ಟು ಬಂದರು, ಪತ್ರಿಕೆ ನಿಲ್ಲಿಸಿದರು. ಲಗ್ನಪತ್ರಿಕೆ ತಂದವರಿಗೆ ಕಾಫಿ ಮಾತ್ರ ಸಿಗುತ್ತಿತ್ತು. ದೊಡ್ಡಪ್ಪ ಮತ್ತು ತಾತನ ನಡುವೆ ಮಾತು ಹೋಯಿತು. ಆಮೇಲೆ ಒಲೆ ಎರಡಾಯಿತು. ಅಮ್ಮ ಮತ್ತು ದೊಡ್ಡಮ್ಮ ಜಗಳವಾಡುವುದನ್ನೂ ಬಿಟ್ಟರು. ಅದಕ್ಕಿಂತ ಕೆಟ್ಟದ್ದು ಆ ಮನೆಯಲ್ಲಿ ನಾನು ಕಂಡಿರಲಿಲ್ಲ. ಕಾಯಿ ಬಿಡಿಸುತ್ತಿದ್ದ ನಡುಮನೆಗೆ ಅಡ್ಡ ಗೋಡೆ ಬಂತು. ನಾವು ತಾತನನ್ನು ಕರೆದುಕೊಂಡು ಮಧುಗಿರಿಯ ಬಾಡಿಗೆ ಮನೆಗೆ ಬಂದೆವು. ದೊಡ್ಡಪ್ಪ ಹಳೇ ಮನೆ ಕೆಡವಿಸಿ ಎರಡು ಕೋಣೆಯ ತಾರಸಿ ಹಾಕಿಕೊಂಡ. ಒಂದು ಮೆಸೇಜು, ಎರಡು ಸಾಲು. ನಾನು ಬಾಯಿ ಬಿಟ್ಟಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ.

ಸುಮಕ್ಕ ವರ್ಷಕ್ಕೊಂದು ಸಲ ಬರುತ್ತಿದ್ದಳು. ಅವಳ ಗಂಡನ ಮನೆಯವರ ಹೊಲ ಸೋಲಾರ್ ಕರೆಂಟಿನ ಕಂಪನಿಗೆ ಗುತ್ತಿಗೆ ಹೋಗಿತ್ತು. ಆ ಗಾಜಿನ ಹಲಗೆಗಳ ಸಾಲಿನ ಮಧ್ಯೆ ಬೆಳೆದ ಹುಲ್ಲು ಕೊಯ್ಯುವ ಕೆಲಸಕ್ಕೆ ಅವಳು ಹೋಗುತ್ತಿದ್ದಳು. ಮಾತಿನಲ್ಲಿ ತೆಲುಗು ಸೇರಿಕೊಂಡಿತ್ತು, ಮಗಳನ್ನು ಬಾರೇ ಅನ್ನುವ ಬದಲು "ರಾವೇ" ಎಂದು ಕರೆಯುತ್ತಿದ್ದಳು. ಆ ಊರಿನ ಹೆಂಗಸರು ಮಾತ್ರೆಯ ಹಾಳೆ ತಂದು ಇದು ಯಾವುದಕ್ಕೆ, ಊಟದ ಮುಂಚೆಯೋ ಆಮೇಲೋ ಎಂದು ಇವಳನ್ನೇ ಕೇಳುತ್ತಾರಂತೆ. ಅದನ್ನು ಹೇಳುವಾಗ ಅವಳ ಮುಖದಲ್ಲಿ ಒಂದು ಬೆಳಕು ಬಂದು ಹೋಗುತ್ತಿತ್ತು. ಅದನ್ನು ನೋಡಲಾರದೆ ನಾನು ಎದ್ದು ಹೊರಗೆ ಹೋಗುತ್ತಿದ್ದೆ. ಪ್ರತಿ ಸಲವೂ ತಾತ ಅವಳ ಕೈ ಹಿಡಿದುಕೊಂಡು, ನನ್ನಿಂದ ಕೆಟ್ಟೆ ಕಣವ್ವ, ಅನ್ನುತ್ತಿದ್ದರು. "ಹಣೇಲಿ ಇರ್ಲಿಲ್ಲ, ಬುಡು ತಾತ" ಎಂದು ಅವಳು ಸಮಾಧಾನ ಮಾಡುತ್ತಿದ್ದಳು. ಇಬ್ಬರ ಮಧ್ಯೆ ಕಾಫಿ ಲೋಟ ಇಟ್ಟು ನಾನು ನಿಂತಿರುತ್ತಿದ್ದೆ. ಮಾತು ಗಂಟಲಿನವರೆಗೆ ಬರುತ್ತಿತ್ತು. ಉಗುಳಲೂ ಆಗದ, ನುಂಗಲೂ ಆಗದ ಬಿಸಿತುಪ್ಪ ಎಂದು ಯಾರು ಹೇಳಿದರೋ, ಅವರಿಗೂ ನನ್ನಂಥ ತಮ್ಮನೊಬ್ಬ ಇದ್ದಿರಬೇಕು.

ಹೋದ ವರ್ಷ ತಾತ ಹಾಸಿಗೆ ಹಿಡಿದರು. ಒಂದು ಮಧ್ಯಾಹ್ನ, ನಾನು ಗಂಜಿ ಕುಡಿಸುತ್ತಿದ್ದಾಗ, ಚಮಚ ಹಿಡಿದ ನನ್ನ ಕೈ ತಡೆದರು. "ಲೇ ಮಗ, ಫೋನೂ ಪುಸ್ತಕ ಅಂತ ನೀನಂದಿದ್ದೆ. ಅದುನ್ನ ಮನಸ್ಸಿಗೆ ಹಚ್ಕಂಡು ಕೊರಗ್ಬ್ಯಾಡ. ನೀನು ಆಗ ಮಗೀನಂಗಿದ್ದೆ. ಇಡು ಅಂದೋನು ನಾನು. ಆ ಪಾಪ ನಂದು, ನಾನೇ ತಗೊಂಡೋಯ್ತೀನಿ ಬುಡು" ಅಂದರು. ಇಷ್ಟು ವರ್ಷ ನನ್ನ ಮುಖ ಬಾಡಿರುವುದನ್ನು ಅವರು ನೋಡಿದ್ದರು, ಕಾರಣವನ್ನು ಮಾತ್ರ ಎಷ್ಟು ಚಿಕ್ಕದಾಗಿ ತಿಳಿದುಕೊಂಡಿದ್ದರು! ಆಗ ಹೇಳಬೇಕಿತ್ತು. ಬಾಗಿಲು ತೆರೆದಿಟ್ಟು ಕರೆದ ಹಾಗೆ ಇತ್ತು ಅದು. ನಾನು ಗಂಜಿ ಆರುತ್ತೆ ತಾತ, ಕುಡೀರಿ, ಅಂದೆ. ಮೂರನೇ ದಿನ ಅವರು ಹೋದರು.

ಹನ್ನೊಂದನೇ ದಿನದ ಕಾರ್ಯ ಮುಗಿದು ನೆಂಟರೆಲ್ಲ ಹೋದ ಮೇಲೆ ಸುಮಕ್ಕ ಬಚ್ಚಲಲ್ಲಿ ಪೂಜೆಯ ಪಾತ್ರೆ ತೊಳೆಯುತ್ತಿದ್ದಳು. ಅವಳ ಮಗಳು ಜಗಲಿಯಲ್ಲಿ ನಿದ್ದೆಹೋಗಿದ್ದಳು. ನಾನು ಬಾಗಿಲಲ್ಲಿ ನಿಂತು ಹೇಳಿಬಿಟ್ಟೆ. ಅಷ್ಟಮಿ ದಿನ ಫೋನ್ ಆನ್ ಮಾಡಿದ್ದೆ ಅಕ್ಕ, ಮೆಸೇಜ್ ಓದಿದ್ದೆ, ಬಸ್ಸು ಇನ್ನೂ ಬಂದಿರಲಿಲ್ಲ, ನೀನು ಹೋಗಬಾರದು ಅಂತಲೇ ಸುಮ್ಮನಿದ್ದೆ. ಹೊಡೆಯುತ್ತಾಳೆ, ಅಳುತ್ತಾಳೆ, ಶಾಪ ಹಾಕುತ್ತಾಳೆ ಎಂದುಕೊಂಡಿದ್ದೆ. ಇಷ್ಟು ವರ್ಷ ಅದಕ್ಕಾಗಿಯೇ ಕಾದಿದ್ದೆನೋ ಏನೋ. ಅವಳ ಕೈಯಲ್ಲಿದ್ದ ಚೊಂಬು ತುಂಬಿ ನೀರು ಹೊರಗೆ ಚೆಲ್ಲುತ್ತಿತ್ತು. ನಲ್ಲಿ ನಿಲ್ಲಿಸಿ ತಿರುಗಿದಳು.

"ತಾತಂಗೆ ಹೇಳಿದ್ಯಾ?"

ಇಲ್ಲ ಅಂದೆ.

ಅವಳು ಒದ್ದೆ ಕೈಯಲ್ಲೇ ಎದ್ದು, ನನ್ನನ್ನು ದಾಟಿಕೊಂಡು ಒಳಗೆ ಹೋದಳು. ತಾತನ ಫೋಟೊ ಇಟ್ಟಿದ್ದ ಮೂಲೆಯಲ್ಲಿ ಹೋಗಿ ಕುಕ್ಕರಗಾಲಲ್ಲಿ ಕೂತಳು. ಕಿವಿ ಮಂದವಾಗಿದ್ದ ತಾತನಿಗೆ ಹೇಳುವಾಗ ಹೇಗೆ ಹೇಳುತ್ತಿದ್ದಳೋ ಹಾಗೆಯೇ, ಮುಂದಕ್ಕೆ ಬಾಗಿ, ದನಿ ಎತ್ತಿ, ನಿಧಾನವಾಗಿ ಹೇಳತೊಡಗಿದಳು. "ನೀನಲ್ಲ ತಾತ. ಕೇಳಿಸ್ತಾ? ನೀನಲ್ಲ ಕಣಪ್ಪ." ಅದನ್ನೇ ಮತ್ತೆ ಮತ್ತೆ ಹೇಳುತ್ತಿದ್ದಳು. ನಾನು ಬಚ್ಚಲ ಬಾಗಿಲಲ್ಲೇ ನಿಂತು ಕೇಳಿಸಿಕೊಂಡೆ.